ಹಳೆ ಕೋಚ್ ಮಾಷ್ಟ್ರ ಕಥೆ ಹೇಳುವ ಕಸುಬು: ಮೂರು ಸೆಕೆಂಡನ್ನು ಹತ್ತು ನಿಮಿಷ ಹಿಡಿದಿಡುವುದು ಹೇಗೆ?

ಮುಳ್ಳೇರಿಯ ಕಟ್ಟೆ

ನಮಸ್ಕಾರ ಎಲ್ಲರಿಗೂ. ನಮ್ಮ ಹಳೆ ಬಾಸ್ಕೆಟ್‌ಬಾಲ್ ಕೋಚ್ ಮಾಷ್ಟ್ರು ಸಂಜೆ ಆಟ ಬಿಟ್ಟ ಮೇಲೆ ಸ್ನೇಹಿತರ ನಡುವೆ ಕೂತು ಹೇಳುವ ಕಥೆಗಳು ಇಲ್ಲಿ ಹೆಚ್ಚಿನವರಿಗೆ ಗೊತ್ತುಂಟು. ಹೆಸರು ಹಾಕುವುದು ಬೇಡವೆಂದು ಅವರೇ ಹೇಳಿದ್ದಾರೆ, ಹಾಕುವುದಿಲ್ಲ. ಮಳೆ ಪೂರ್ತಿ ಬಿಟ್ಟ ಮೇಲೆ, ಫೆಬ್ರವರಿಯಲ್ಲಿ, ಅವರ ಕಥೆಗಳನ್ನು ರೆಕಾರ್ಡ್ ಮಾಡಿ ಇಡುವ ಯೋಚನೆ ಉಂಟು.

ಅದಕ್ಕೆ ಮೊದಲು ಒಂದು ವಿಷಯ ಬಿಡಿಸಿಕೊಳ್ಳಬೇಕು. 1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲಿನ ವಿಡಿಯೋ ಎಲ್ಲರ ಫೋನಿನಲ್ಲೂ ಸಿಗುತ್ತದೆ. ಅದನ್ನು ನೋಡಿದವರು ಕೂಡ ಮಾಷ್ಟ್ರು ಹೇಳುವಾಗ ಉಸಿರು ಬಿಗಿಹಿಡಿದು ಕೂರುತ್ತಾರೆ. ಬಾಸ್ಕೆಟ್‌ಬಾಲ್ ಎಂದರೆ ಎಂತ ಎಂದು ಗೊತ್ತಿಲ್ಲದ ಅಡಿಕೆ ವ್ಯಾಪಾರದವರೂ ಎದ್ದು ಹೋಗುವುದಿಲ್ಲ. ಅವರು ಮಾಡುವುದು ಏನು? ಆಟ, ನಿಯಮ, ತಾಳಮದ್ದಳೆ ಎಲ್ಲ ಬಲ್ಲವರು ಇಲ್ಲಿದ್ದೀರಿ. ನಿಮ್ಮ ನೆನಪುಗಳನ್ನು ಬೇರೆ ಕಡೆ ಬರೆಯೋಣ, ಇಲ್ಲಿ ಕಸುಬಿನ ಮಾತು ಮಾತ್ರ ಬೇಕು.

ಉಪ್ಪಳ ಸೀಟಿ

ಮ್ಯೂನಿಕ್ ಕಥೆಯನ್ನೇ ಹಿಡಿಯೋಣ, ಅವರ ಕೈಚಳಕ ಪೂರ್ತಿ ಕಾಣುವುದು ಅದರಲ್ಲಿ.

ನಡೆದದ್ದು ಇಷ್ಟು. ಆಟ ಶುರುವಾದದ್ದು ಸೆಪ್ಟೆಂಬರ್ 9ರ ರಾತ್ರಿ 11.45ಕ್ಕೆ, ಅಮೆರಿಕದ ಟಿವಿಯವರ ಅನುಕೂಲಕ್ಕಾಗಿ. ಒಲಿಂಪಿಕ್ಸಿನಲ್ಲಿ ಅಮೆರಿಕ ಅಲ್ಲಿಯ ತನಕ ಆಡಿದ 63 ಪಂದ್ಯದಲ್ಲಿ 63ನ್ನೂ ಗೆದ್ದಿತ್ತು. ಕೊನೆಗೆ 3 ಸೆಕೆಂಡು ಉಳಿದಾಗ ಡಗ್ ಕಾಲಿನ್ಸ್ ಎರಡು ಫ್ರೀ ಥ್ರೋ (ಫೌಲಿಗೆ ಸಿಗುವ ತಡೆಯಿಲ್ಲದ ಎಸೆತ) ಹಾಕಿ ಅಮೆರಿಕಕ್ಕೆ 50–49ರ ಮುನ್ನಡೆ ಕೊಟ್ಟರು. ಸೋವಿಯತ್ ತಂಡ ಗೆರೆಯ ಹೊರಗಿನಿಂದ ಚೆಂಡನ್ನು ಅಂಗಳದೊಳಗೆ ಹಾಕಿತು, 1 ಸೆಕೆಂಡು ಉಳಿದಿರುವಾಗ ಆಟ ನಿಂತಿತು, ಟೈಮ್‌ಔಟ್ (ಸ್ವಲ್ಪ ಹೊತ್ತಿನ ಬಿಡುವು) ಕೇಳಿದ್ದೆವು ಎಂದು ತಕರಾರು. ಮತ್ತೆ ಚೆಂಡು ಹಾಕಿದರು. ಗಡಿಯಾರ ಸರಿಯಾಗಿ ಹೊಂದಿಸಿ ಆಗಿರಲಿಲ್ಲ, ಹಾರ್ನ್ ಮೊಳಗಿತು, ಅಮೆರಿಕದವರು ಕುಣಿಯತೊಡಗಿದರು. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫೀಬಾದ ಮಹಾಕಾರ್ಯದರ್ಶಿ ವಿಲಿಯಂ ಜೋನ್ಸ್ ಬಂದು 3 ಸೆಕೆಂಡು ಮತ್ತೆ ಇಡಿ ಎಂದರು. ಮೂರನೇ ಸಲ ಇವಾನ್ ಎದೆಷ್ಕೊ ಈ ತುದಿಯಿಂದ ಆ ತುದಿಗೆ ಎಸೆದ ಚೆಂಡನ್ನು ಅಲೆಕ್ಸಾಂಡರ್ ಬೆಲೋವ್ ಹಿಡಿದು ಬುಟ್ಟಿಗೆ ಹಾಕಿದರು. 51–50. ಅಮೆರಿಕದ ದೂರು 3–2 ಮತದಲ್ಲಿ ಬಿದ್ದುಹೋಯಿತು. ಅವರ ಆಟಗಾರರು ಬೆಳ್ಳಿ ಪದಕ ತೆಗೆದುಕೊಳ್ಳಲೇ ಇಲ್ಲ.

ಇದನ್ನು ಈ ಕ್ರಮದಲ್ಲೇ ಹೇಳಿದರೆ ಎಂತ ತೊಂದರೆ ನೋಡಿ. ‘ಇಡೀ ಅಂಗಳದುದ್ದಕ್ಕೆ ಎಸೆದರು’ ಎನ್ನುವಾಗ ಕೇಳುವವರ ತಲೆಯಲ್ಲಿ ಪ್ರಶ್ನೆ ಏಳುತ್ತದೆ: ಚೆಂಡು ಹಾರುವಷ್ಟರಲ್ಲಿ ಮೂರು ಸೆಕೆಂಡು ಮುಗಿಯಲಿಲ್ಲವೇ? ಆಗ ಕಥೆ ನಿಲ್ಲಿಸಿ ನಿಯಮ ವಿವರಿಸಿದರೆ ಬಿಸಿ ಆರಿತು. ಮಾಷ್ಟ್ರು ಆ ನಿಯಮವನ್ನು ಕಥೆಯ ಆರಂಭದಲ್ಲೇ, ಯಾವುದೋ ಬೇರೆ ಪಂದ್ಯದ ಮಾತಿನ ನಡುವೆ ಹೇಳಿ ಆಗಿರುತ್ತದೆ: ಹೊರಗಿನಿಂದ ಹಾಕಿದ ಚೆಂಡನ್ನು ಒಳಗಿನ ಆಟಗಾರ ಮುಟ್ಟುವವರೆಗೆ ಗಡಿಯಾರ ಓಡುವುದಿಲ್ಲ. ಎದೆಷ್ಕೊ ಕೈಯಿಂದ ಚೆಂಡು ಹಾರಿದಾಗ ಅವರು ಬಾಯಿ ಮುಚ್ಚಿ ಬಿಡುತ್ತಾರೆ. ಕೇಳುವವರಿಗೇ ಗೊತ್ತು, ಗಡಿಯಾರ ನಿಂತಿದೆ ಎಂದು. ಆ ಮೌನ ಎಷ್ಟು ಹೊತ್ತಾದರೂ ತಡೆಯುತ್ತದೆ.

ನನ್ನ ಲೆಕ್ಕದಲ್ಲಿ ಅವರ ವಿದ್ಯೆಯ ಅರ್ಧ ಭಾಗ ಇದೇ. ನಿಯಮವನ್ನು ಬೇಕಾಗುವ ಮೊದಲೇ ಕೊಟ್ಟಿಡುವುದು.

ನೀರ್ಚಾಲು ಮದ್ದಳೆ

ಉಪ್ಪಳದ ಅಣ್ಣ ಹೇಳಿದ್ದಕ್ಕೆ ನಮ್ಮ ತಾಳಮದ್ದಳೆಯಲ್ಲಿ ಹೆಸರು ಉಂಟು: ಪೀಠಿಕೆ. ಒಳ್ಳೆಯ ಅರ್ಥಧಾರಿ (ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವವನು) ಪೀಠಿಕೆಯಲ್ಲಿ ತನ್ನ ಪಾತ್ರದ ಹಿಂದು ಮುಂದು ಹೇಳುವಾಗ, ಮುಂದೆ ಸಂವಾದದಲ್ಲಿ ಬೇಕಾಗುವ ಎಳೆಗಳನ್ನೆಲ್ಲ ಹರಡಿ ಇಟ್ಟಿರುತ್ತಾನೆ. ಎದುರಿನವರು ಪ್ರಶ್ನೆ ಎತ್ತಿದಾಗ ಎಳೆ ಎಳೆದರಾಯಿತು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರನ್ನು ಕೇಳಿ ಬೆಳೆದ ಊರು ಇದು, ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ. ಮಾಷ್ಟ್ರ ಕಿವಿ ಅಲ್ಲೇ ಪಳಗಿದ್ದು ಎಂದು ಅವರ ಮಾತಿನ ಓಟದಲ್ಲೇ ಗೊತ್ತಾಗುತ್ತದೆ.

ಇನ್ನೂ ಒಂದು ಹೋಲಿಕೆ. ತಾಳಮದ್ದಳೆಯಲ್ಲಿ ಪದ್ಯ ಬದಲಿಸುವ ಹಾಗಿಲ್ಲ, ಅರ್ಥ ಆಯಾ ದಿನದ್ದು. ಬಾಸ್ಕೆಟ್‌ಬಾಲ್ ಕಥೆಯಲ್ಲಿ ಸ್ಕೋರೇ ಪದ್ಯ. 51–50 ಎನ್ನುವುದು ಎಲ್ಲರಿಗೂ ಮೊದಲೇ ಗೊತ್ತು, ವಾಲಿ ಸಾಯುತ್ತಾನೆಂದು ಗೊತ್ತಿರುವ ಹಾಗೆ. ಹಾಗಾಗಿ ‘ಯಾರು ಗೆದ್ದರು’ ಎನ್ನುವುದನ್ನು ಮುಚ್ಚಿಟ್ಟು ಕುತೂಹಲ ಹುಟ್ಟಿಸಲು ಹೋಗಬಾರದು. ಮಾಷ್ಟ್ರು ಗಮನಿಸಿ, ಫಲಿತಾಂಶವನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡುತ್ತಾರೆ. ‘ಅಮೆರಿಕ ಮೂರು ಸೆಕೆಂಡನ್ನು ಮೂರು ಸಲ ಆಡಿ ಒಂದು ಅಂಕದಲ್ಲಿ ಸೋತ ರಾತ್ರಿ’ ಎಂದು ಎತ್ತುಗಡೆ. ಅಲ್ಲಿಂದ ಮುಂದೆ ಕೇಳುವವನಿಗೆ ಬೇಕಾದದ್ದು ‘ಹೇಗೆ’ ಮಾತ್ರ.

ಲಯದ ಬಗ್ಗೆಯೂ ಒಂದು ಮಾತು. ಅವರು ಮೊದಲ 39 ನಿಮಿಷವನ್ನು ನಾಲ್ಕೇ ವಾಕ್ಯದಲ್ಲಿ ಓಡಿಸಿ, ಕೊನೆಯ ನಿಮಿಷಕ್ಕೆ ಬಂದಾಗ ತಾಳ ಇಳಿಸುತ್ತಾರೆ. ಹೊಸಬರು ಮಾಡುವ ತಪ್ಪು ಇದರ ಉಲ್ಟಾ. ಕೊನೆ ಹತ್ತಿರ ಬಂದ ಹಾಗೆ ಉದ್ವೇಗದಲ್ಲಿ ಮಾತು ಓಡುತ್ತದೆ, ಚೆಂಡು ರಿಂಗಿಗೆ ಹೋದದ್ದು ಕೇಳುವವರಿಗೆ ಕಾಣುವುದೇ ಇಲ್ಲ.

ಮಂಜೇಶ್ವರ ಸ್ಕೋರ್‌ಶೀಟ್

ಪದ್ಯ ಬದಲಿಸುವ ಹಾಗಿಲ್ಲ ಎಂದದ್ದು ಸರಿ. ಆದರೆ ಹೇಳುವವರು ಪದ್ಯವನ್ನೇ ತಪ್ಪು ಹಾಡುವುದು ಎಲ್ಲಿ ಎಂದು ಸ್ವಲ್ಪ ಬರೆಯುತ್ತೇನೆ. ಕೇಳುವವರಲ್ಲಿ ಒಬ್ಬ ರೆಫರಿ ಕೂತಿದ್ದರೂ ಸಾಕು, ಇಂಥ ಒಂದು ತಪ್ಪಿಗೆ ಇಡೀ ಕಥೆ ಕುಸಿಯುತ್ತದೆ.

‘0.2 ಸೆಕೆಂಡು ಉಳಿದಿತ್ತು, ಹಿಡಿದ, ತಿರುಗಿದ, ಎಸೆದ, ಬಿತ್ತು’. ಈಗಿನ ಫೀಬಾ ನಿಯಮದಲ್ಲಿ ಇದು ಆಗದ ಮಾತು. ಹಿಡಿದು ಎಸೆಯಲು ಕನಿಷ್ಠ 0.3 ಸೆಕೆಂಡು ಬೇಕು. 0.2 ಅಥವಾ 0.1 ಇದ್ದರೆ ಚೆಂಡನ್ನು ಗಾಳಿಯಲ್ಲೇ ತಟ್ಟಬೇಕು ಅಥವಾ ನೇರ ಡಂಕ್ ಮಾಡಬೇಕು (ಕೈಯಿಂದಲೇ ರಿಂಗಿನೊಳಗೆ ತುರುಕಬೇಕು), ಅಷ್ಟೆ.

‘ಕೋಚ್ ಕೊನೆಯ ನಿಮಿಷದಲ್ಲಿ ಮೂರು ಟೈಮ್‌ಔಟ್ ತೆಗೆದುಕೊಂಡರು’. ಎರಡನೇ ಅರ್ಧಕ್ಕೆ ಮೂರು ಸಿಗುತ್ತದೆ ಹೌದು, ಆದರೆ ನಾಲ್ಕನೇ ಕ್ವಾರ್ಟರಿನ ಕೊನೆಯ 2 ನಿಮಿಷಕ್ಕೆ ಎರಡೇ. ‘ಆಟಗಾರ ಅಂಗಳದಿಂದ ಕೈ ಮಾಡಿ ಟೈಮ್‌ಔಟ್ ಕೇಳಿದ’ ಎಂದರೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ನಡೆಯುತ್ತದೆ, ಫೀಬಾದಲ್ಲಿ ಕೋಚೇ ಕೇಳಬೇಕು. ಬುಟ್ಟಿಯಾದ ಕೂಡಲೇ ಗಡಿಯಾರ ನಿಲ್ಲುವುದು ಕೂಡ ಆ ಕೊನೆಯ 2 ನಿಮಿಷ ಮತ್ತು ಓವರ್‌ಟೈಮಿನ ಕೊನೆಯ 2 ನಿಮಿಷದಲ್ಲಿ ಮಾತ್ರ.

ಕಾಲಕ್ಕೆ ತಕ್ಕ ನಿಯಮವೂ ಮುಖ್ಯ. ಮ್ಯೂನಿಕ್ ಕಥೆಯಲ್ಲಿ ಮೂರು ಅಂಕದ ಗೆರೆ ಬರಬಾರದು, ಫೀಬಾ ಅದನ್ನು ತಂದದ್ದು 1984ರಲ್ಲಿ. ಆಗಿನ ಪೇಂಟ್ (ರಿಂಗಿನ ಎದುರು ಗುರುತು ಹಾಕಿದ ಜಾಗ) ಕೂಡ ಈಗಿನ ಹಾಗೆ ಆಯತ ಅಲ್ಲ, ಬೋರ್ಡಿನ ಅಡಿಯಲ್ಲಿ ಅಗಲವಾಗಿ ಹರಡಿದ ಆಕಾರ. ಅದು ಆಯತವಾದದ್ದು 2010ರಲ್ಲಿ.

ಊರಿನ ಪಂದ್ಯದ ಕಥೆ ಹೇಳುವುದಿದ್ದರೆ ಹಳೆ ಸ್ಕೋರ್‌ಶೀಟ್ ಹುಡುಕಿ. ಅದರಲ್ಲಿ ಅಂಕ ಬಿದ್ದ ಕ್ರಮ ಇರುತ್ತದೆ: ಬುಟ್ಟಿಗೆ ಓರೆಗೆರೆ, ಫ್ರೀ ಥ್ರೋಗೆ ತುಂಬಿದ ಚುಕ್ಕಿ, ಮೂರು ಅಂಕ ಹಾಕಿದವನ ನಂಬರಿಗೆ ಸುತ್ತು. ಒಂದನೇ ಮತ್ತು ಮೂರನೇ ಕ್ವಾರ್ಟರ್ ಒಂದು ಶಾಯಿ, ಎರಡು ಮತ್ತು ನಾಲ್ಕು ಇನ್ನೊಂದು ಶಾಯಿ. ಆದರೆ ಯಾವ ಅಂಕ ಎಷ್ಟು ಸೆಕೆಂಡು ಉಳಿದಾಗ ಬಿತ್ತು ಎಂದು ಅದರಲ್ಲಿ ಬರೆಯುವುದಿಲ್ಲ. ಹಾಗಾಗಿ ಕ್ರಮವನ್ನು ಹಾಳೆಯಿಂದ ತೆಗೆದುಕೊಳ್ಳಿ, ಸೆಕೆಂಡನ್ನು ಮಾತ್ರ ಇಬ್ಬರು ಮೂವರು ಒಪ್ಪಿದರೆ ಹೇಳಿ. ಇಲ್ಲವಾದರೆ ‘ಕೊನೆಯ ಗಳಿಗೆಯಲ್ಲಿ’ ಎಂದರೆ ಸಾಕು.

ಬೇಳದ ಬೋರ್ಡು

ಅಡಿಕೆಯ ವಿಷಯ ಯಾರೂ ಹೇಳಲಿಲ್ಲವಲ್ಲ! ಮಾಷ್ಟ್ರ ಕಥೆಯ ಜೀವ ಇರುವುದೇ ಅವರು ಅಡಿಕೆ ಇಟ್ಟು ಆಟ ತೋರಿಸುವ ಆ ಚಾಪೆಯ ಮೇಲೆ. ಸುಲಿದ ಅಡಿಕೆ ಐದು ಒಂದು ತಂಡ, ಸಿಪ್ಪೆ ಸಹಿತ ಒಣಗಿದ್ದು ಐದು ಇನ್ನೊಂದು ತಂಡ, ಹುಣಸೆ ಬೀಜ ಚೆಂಡು.

ಅಳತೆ ಬೇಕಾದವರಿಗೆ: ಮೀಟರಿಗೆ 5 ಸೆಂಟಿಮೀಟರ್ ಹಿಡಿಯಿರಿ. ಈಗಿನ ಅಂಗಳ 28 × 15 ಮೀಟರ್, ಅಂದರೆ ಚಾಪೆಯಲ್ಲಿ 140 × 75 ಸೆಂ.ಮೀ. ಅರ್ಧ ಅಂಗಳ ಸಾಕಾದರೆ 70 × 75. ಪೇಂಟ್ 5.8 × 4.9 ಮೀಟರ್, ಅದು 29 × 24.5 ಸೆಂ.ಮೀ. ರಿಂಗಿನ ನಡು ಹಿಂದಿನ ಗೆರೆಯಿಂದ 8 ಸೆಂ.ಮೀ. ಒಳಗೆ. ಅಲ್ಲಿಂದ 34 ಸೆಂ.ಮೀ. ದಾರ ಹಿಡಿದು ಸುತ್ತಿದರೆ ಮೂರು ಅಂಕದ ಕಮಾನು. ಮೂಲೆಗಳಲ್ಲಿ ಮಾತ್ರ ಕಮಾನು ಬಿಟ್ಟು ಬದಿಯ ಗೆರೆಗೆ 4.5 ಸೆಂ.ಮೀ. ದೂರದಲ್ಲಿ ನೇರ ಗೆರೆ ಬರಬೇಕು.

ಸಿಮೆಂಟು ನೆಲದಲ್ಲಿ ಇಟ್ಟರೆ ಸಿಪ್ಪೆಯ ಅಡಿಕೆ ಉರುಳುತ್ತದೆ, ಅದಕ್ಕೇ ಚಾಪೆ. ಸುಲಿದದ್ದಕ್ಕೆ ಅಡಿ ಚಪ್ಪಟೆ, ಅದು ನಿಲ್ಲುತ್ತದೆ.

ಅವರ ಕೈ ನೋಡಿ. ಹತ್ತನ್ನೂ ಒಟ್ಟಿಗೆ ಇಡುವುದಿಲ್ಲ. ಮೊದಲು ಚೆಂಡು ಹಾಕುವವನು, ಅವನ ಎದುರು ಕಾವಲು. ಆಮೇಲೆ ದೂರದ ರಿಂಗಿನ ಬುಡದಲ್ಲಿ ಬೆಲೋವ್ ಒಬ್ಬನೇ. ಈ ಎರಡರ ನಡುವೆ ಖಾಲಿ ಚಾಪೆ. ಆ ಖಾಲಿ ಜಾಗವೇ ಕಥೆ. ಎಲ್ಲ ಹತ್ತನ್ನೂ ಇಟ್ಟರೆ ಕಣ್ಣು ಎಲ್ಲಿ ನೋಡಬೇಕೆಂದು ತಿಳಿಯದೆ ಕಂಗೆಡುತ್ತದೆ. ಬೆಲೋವ್ ಪಕ್ಕದ ಇಬ್ಬರು ಕಾವಲುಗಾರರನ್ನು, ಜಾಯ್ಸ್ ಮತ್ತು ಫೋರ್ಬ್ಸ್ ಅವರನ್ನು, ಇಡುವುದು ಚೆಂಡು ಹಾರಿದ ಮೇಲೆ.

ಕುಂಬಳೆ ಬಂದರು

ನೀರ್ಚಾಲಿನ ಭಾವನಿಗೆ ಒಂದು ಪ್ರಶ್ನೆ. ತಾಳಮದ್ದಳೆಯಲ್ಲಿ ರಾಮ ವಾಲಿ ಹೇಳಿದ ಮಾತನ್ನೆಲ್ಲ ಅರ್ಥಧಾರಿಯೇ ಕಟ್ಟುತ್ತಾನೆ. ಬಾಸ್ಕೆಟ್‌ಬಾಲ್ ಕಥೆಯಲ್ಲಿ ಟೈಮ್‌ಔಟಿನ ಒಳಗೆ ಕೋಚ್ ಏನು ಹೇಳಿದ ಎಂದು ಕಟ್ಟಿ ಹೇಳಬಹುದೋ? ಹೇಳದಿದ್ದರೆ ಕಥೆ ಒಣಗುತ್ತದೆ ಎಂದು ನನ್ನ ಅಭಿಪ್ರಾಯ.

ನೀರ್ಚಾಲು ಮದ್ದಳೆ

ಪುರಾಣದ ಪಾತ್ರಕ್ಕೆ ಹಾಗೆ ಮಾಡಬಹುದು, ಅದು ಕಲೆಯ ಒಪ್ಪಂದ. ಸಭೆಗೂ ಗೊತ್ತು, ಈ ಮಾತು ಇವತ್ತು ಇಲ್ಲಿ ಹುಟ್ಟಿದ್ದು ಎಂದು. ನಿಜವಾಗಿ ಬದುಕಿದ ಮನುಷ್ಯನ ಬಾಯಿಗೆ ಮಾತು ತುರುಕಿದರೆ ಕೇಳಿದವರು ಅದನ್ನೇ ಸತ್ಯವೆಂದು ಮುಂದಕ್ಕೆ ಸಾಗಿಸುತ್ತಾರೆ. ನನಗೆ ಒಪ್ಪಿಗೆ ಇಲ್ಲ.

ಉಪ್ಪಳ ಸೀಟಿ

ನನಗೂ ಇಲ್ಲ. ಕಥೆ ಒಣಗುತ್ತದೆ ಎಂಬುದೂ ಸರಿಯಲ್ಲ ಕುಂಬಳೆಯವರೇ. ಮಾಷ್ಟ್ರು ಅಲ್ಲಿ ಮಾಡುವುದು ಬೇರೆ. ‘ಈ ಜಾಗದಲ್ಲಿ ಕೋಚಿಗೆ ದಾರಿ ಎರಡೇ’ ಎಂದು ಎರಡನ್ನೂ ಚಾಪೆಯಲ್ಲಿ ಆಡಿಸಿ ತೋರಿಸುತ್ತಾರೆ. ಒಂದು, ಹತ್ತಿರ ಪಾಸ್ ಕೊಟ್ಟು ಡ್ರಿಬಲ್ ಮಾಡುವುದು, ಅದಕ್ಕೆ ಮೂರು ಸೆಕೆಂಡು ಸಾಲದು. ಇನ್ನೊಂದು, ಉದ್ದಕ್ಕೆ ಎಸೆಯುವುದು, ಅದಕ್ಕೆ ಕೈಬಲ ಬೇಕು, ಆ ತುದಿಯಲ್ಲಿ ಎತ್ತರದವನು ಬೇಕು. ‘ನೀವಾದರೆ ಯಾವುದು ಮಾಡುತ್ತೀರಿ ಮಾರಾಯ್ರೆ?’ ಎಂದು ಕೇಳುತ್ತಾರೆ. ಕೂತವರು ವಾದಕ್ಕೆ ಇಳಿಯುತ್ತಾರೆ. ಕಟ್ಟಿದ ಸಂಭಾಷಣೆಗಿಂತ ಇದು ಹತ್ತು ಪಾಲು ಬಿಸಿ, ಸುಳ್ಳು ಒಂದಕ್ಷರವೂ ಇಲ್ಲ.

ಕುಂಬಳೆ ಬಂದರು

ಸರಿ, ಅದು ನನಗೆ ಹೊಳೆದಿರಲಿಲ್ಲ. ಎದುರು ಅರ್ಥವನ್ನು ಕೇಳುವವರ ಬಾಯಿಂದಲೇ ಹೇಳಿಸುತ್ತಾರೆ ಎಂದಾಯಿತು. ಒಪ್ಪಿದೆ.

ಮಧೂರಿನ ಲೆಕ್ಕ

ಕೇಳುವವರ ಬಾಯಿಂದ ಹೇಳಿಸುವುದಕ್ಕೆ ಅವರ ಇನ್ನೊಂದು ದಾರಿ ಲೆಕ್ಕ. 24 ಸೆಕೆಂಡಿನ ಗಡಿಯಾರದ, ಅಂದರೆ ಚೆಂಡು ಸಿಕ್ಕ ತಂಡ ಅಷ್ಟರೊಳಗೆ ಬುಟ್ಟಿಗೆ ಎಸೆಯಲೇಬೇಕೆಂಬ ನಿಯಮದ, ಕಥೆ ಹೇಗೆ ಹೇಳುತ್ತಾರೆ ನೋಡಿ. 1950ರ ನವೆಂಬರ್ 22, ಫೋರ್ಟ್ ವೇನ್ 19, ಮಿನಿಯಾಪೊಲಿಸ್ 18. ಇಡೀ ಪಂದ್ಯದ ಸ್ಕೋರ್ ಅಷ್ಟೆ, ಮಿನಿಯಾಪೊಲಿಸಿನ ಜಾರ್ಜ್ ಮೈಕನ್ ಕೈಗೆ ಚೆಂಡು ಸಿಗಬಾರದೆಂದು ಎದುರಿನವರು ಹಿಡಿದುಕೊಂಡು ಕೂತರು. ಜನ ಬೇಸತ್ತರು. ಸಿರಕ್ಯೂಸ್ ತಂಡದ ಒಡೆಯ ಡ್ಯಾನಿ ಬಿಯಾಸೋನ್ ಕಡೆಯಿಂದ ಬಂದ ಲೆಕ್ಕ: ಒಳ್ಳೆಯ ಪಂದ್ಯದಲ್ಲಿ ಎರಡೂ ತಂಡ ಸೇರಿ 120 ಸಲ ಎಸೆಯುತ್ತವೆ.

ಇಲ್ಲಿ ಮಾಷ್ಟ್ರು ನಿಲ್ಲಿಸುತ್ತಾರೆ. ‘48 ನಿಮಿಷಕ್ಕೆ ಎಷ್ಟು ಸೆಕೆಂಡು?’ ಅಡಿಕೆ ತೂಗುವವರಿಗೆ ಬಾಯಿಲೆಕ್ಕ ಕಷ್ಟವೇ? 2880 ಎಂದು ಬರುತ್ತದೆ. ‘120ರಿಂದ ಭಾಗಿಸಿ.’ 24 ಎನ್ನುವ ಸಂಖ್ಯೆ ಕೇಳುವವನ ಬಾಯಿಂದಲೇ ಹೊರಬೀಳುತ್ತದೆ, 1954ರಲ್ಲಿ ನಿಯಮ ಮಾಡಿದ್ದು ತಾನೇ ಎಂಬಷ್ಟು ಖುಷಿ ಅವನಿಗೆ. ಈ ಕಥೆಯಲ್ಲಿ ಹೇಳುವವರು ತಾವೇ 24 ಎಂದುಬಿಟ್ಟರೆ ಎಲ್ಲ ಹೋಯಿತು.

ವಿಲ್ಟ್ ಚೇಂಬರ್ಲಿನ್ ಒಂದೇ ಪಂದ್ಯದಲ್ಲಿ 100 ಅಂಕ ಹಾಕಿದ್ದನ್ನೂ ಹೀಗೆಯೇ. 1962ರ ಮಾರ್ಚ್ 2, ಹರ್ಷಿ ಎಂಬ ಊರು, 169–147. ಟಿವಿ ಇರಲಿಲ್ಲ, ಪಂದ್ಯದ ಚಲನಚಿತ್ರವೂ ಇಲ್ಲ, ನೋಡಿದವರು 4,124 ಜನ. ಎನ್‌ಬಿಎಯಲ್ಲಿ ಮೂರು ಅಂಕದ ಗೆರೆ ಆಗ ಇರಲಿಲ್ಲ, ಬುಟ್ಟಿಗೆ ಎರಡು, ಫ್ರೀ ಥ್ರೋಗೆ ಒಂದು ಎಂದು ಮೊದಲೇ ಹೇಳಿಡಬೇಕು. ಆಮೇಲೆ 36 ಬುಟ್ಟಿ, 28 ಫ್ರೀ ಥ್ರೋ ಎಂದು ಎರಡು ಸಂಖ್ಯೆ ಕೊಟ್ಟು ಸುಮ್ಮನಿರಬೇಕು. ಇಡೀ ವೃತ್ತಿಯಲ್ಲಿ ಎರಡಕ್ಕೆ ಒಂದರಂತೆ ಫ್ರೀ ಥ್ರೋ ತಪ್ಪಿಸುತ್ತಿದ್ದ ಮನುಷ್ಯ ಆ ರಾತ್ರಿ 32ರಲ್ಲಿ 28 ಹಾಕಿದ ಎಂಬುದನ್ನು ಕೊನೆಗೆ ಇಟ್ಟರೆ ಚಂದ.

ಪೆರ್ಲದ ಅಕ್ಕ

ಭಾಷೆಯ ಬಗ್ಗೆ ಬರೆಯಬೇಕು. ನಮ್ಮ ಕಾಸರಗೋಡು ಏಳು ಭಾಷೆಯ ನೆಲ. ಕೂತವರಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ ಎಲ್ಲ ಉಂಟು. ಮಾಷ್ಟ್ರು ಕನ್ನಡದಲ್ಲಿ ಕಥೆ ನಡೆಸುತ್ತಾರೆ, ಯಾರ ಮುಖ ಮಂಕಾಯಿತೋ ಅವರಿಗೆ ಅವರ ಭಾಷೆಯಲ್ಲಿ ಒಂದು ಸಾಲು. ಆದರೆ ಕೊನೆಯ ಮೂರು ಸೆಕೆಂಡು ಬಂದಾಗ ಭಾಷೆ ಬದಲಿಸುವುದಿಲ್ಲ. ಅಲ್ಲಿ ಬದಲಿಸಿದರೆ ಅರ್ಧ ಜನ ಒಂದು ಕ್ಷಣ ಹಿಂದೆ ಉಳಿಯುತ್ತಾರೆ, ನಗು ಅಥವಾ ‘ಛೆ’ ಎನ್ನುವುದು ಒಟ್ಟಿಗೆ ಬರುವುದಿಲ್ಲ.

ಹೊರಗಿನ ಕಥೆಯನ್ನು ಇಲ್ಲಿ ಹೇಳುವಾಗ ಎಡವುವುದು ಎಲ್ಲಿ ಎಂದರೆ, ಅಲ್ಲಿನವರಿಗೆ ಗೊತ್ತಿರುವುದು ಇಲ್ಲಿಯೂ ಗೊತ್ತೆಂದು ತಿಳಿಯುವುದು. ಜಿಮ್ ವಲ್ವಾನೊ ಎಂಬ ಕೋಚ್, 1983ರಲ್ಲಿ ಅವರ ನಾರ್ತ್ ಕೆರೊಲಿನಾ ಸ್ಟೇಟ್ ತಂಡ ಹ್ಯೂಸ್ಟನ್ನನ್ನು 54–52ರಲ್ಲಿ ಸೋಲಿಸಿತು, ದೊಡ್ಡ ಮಾತುಗಾರ. 1993ರಲ್ಲಿ ಕ್ಯಾನ್ಸರಿನಿಂದ ಸಾಯುವ ಕೆಲವೇ ವಾರ ಮೊದಲು ವೇದಿಕೆಯಲ್ಲಿ ಅವರು ಹೇಳಿದ ಕಥೆ ಒಂದುಂಟು. ಹೊಸದಾಗಿ ಕೋಚ್ ಆದಾಗ, ವಿನ್ಸ್ ಲೊಂಬಾರ್ಡಿ ಎಂಬ ಪ್ರಸಿದ್ಧ ಅಮೆರಿಕನ್ ಫುಟ್ಬಾಲ್ ಕೋಚಿನ ಭಾಷಣ ಬಾಯಿಪಾಠ ಮಾಡಿ ಹುಡುಗರ ಮುಂದೆ ನಿಂತರು. ಮೂರೇ ವಿಷಯ ಮುಖ್ಯ: ಮನೆಯವರು, ಧರ್ಮ, ಮತ್ತು ಗ್ರೀನ್ ಬೇ ಪ್ಯಾಕರ್ಸ್. ತಂಡದ ಹೆಸರು ಬದಲಿಸಲು ಮರೆತೇ ಹೋಗಿತ್ತು!

ಅಮೆರಿಕದಲ್ಲಿ ಇದಕ್ಕೆ ಸಭೆ ಬಿದ್ದು ಬಿದ್ದು ನಕ್ಕಿತು. ಇಲ್ಲಿ ನೇರ ಹೇಳಿದರೆ ಯಾರೂ ನಗುವುದಿಲ್ಲ, ಪ್ಯಾಕರ್ಸ್ ಎಂದರೆ ಎಂತ ಎಂದು ಕೇಳುತ್ತಾರೆ. ಅದಕ್ಕೆ ಮಾಷ್ಟ್ರು ಆ ಹೆಸರನ್ನು ಮೊದಲು ಎರಡು ಸಲ ಕಿವಿಗೆ ಹಾಕುತ್ತಾರೆ: ‘ಪ್ಯಾಕರ್ಸ್ ಅಂದರೆ ಲೊಂಬಾರ್ಡಿಯ ತಂಡ, ಅದು ಬೇರೆಯೇ ಆಟ’ ಎಂದು ಒಮ್ಮೆ, ಭಾಷಣ ಬಾಯಿಪಾಠ ಮಾಡುವಾಗ ಇನ್ನೊಮ್ಮೆ. ಮೂರನೇ ಸಲ ಬಂದಾಗ ವಿವರಣೆ ಬೇಡ. ಒಂದೇ ಸಲ ಹೇಳಿದರೆ ಮರೆಯುತ್ತದೆ, ಮೂರು ಸಲ ಮೊದಲೇ ಹೇಳಿದರೆ ಗುಟ್ಟು ಬಯಲಾಗುತ್ತದೆ.

ಬಾಸ್ಕೆಟ್‌ಬಾಲ್ ಹುಟ್ಟುಹಾಕಿದ ನಾಯ್ಸ್ಮಿತ್ 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡಿನಲ್ಲಿ ಪೀಚ್ ಹಣ್ಣಿನ ಬುಟ್ಟಿ ಹೊಡೆಸಿದ ಕಥೆಗೂ ಇದೇ ಮಾತು. ಪೀಚ್ ಬುಟ್ಟಿ ಇಲ್ಲಿ ಕಂಡವರಿಲ್ಲ. ‘ನಾವು ಅಡಿಕೆ ಹೆಕ್ಕುವ ಬುಟ್ಟಿಯಂಥದ್ದು’ ಎಂದರೆ ಕೂಡಲೇ ಕಾಣುತ್ತದೆ. ಬುಟ್ಟಿಗೆ ತಳ ಉಂಟು, ಹಾಗಾಗಿ ಚೆಂಡು ಬಿದ್ದ ಪ್ರತಿ ಸಲ ಏಣಿ ಹತ್ತಬೇಕು ಎಂಬುದು ಹೇಳದೆಯೇ ಅರ್ಥವಾಗುತ್ತದೆ. ಬಾಲ್ಕನಿಯ ಕಂಬಿ 10 ಅಡಿ ಎತ್ತರದಲ್ಲಿತ್ತು, ಇಂದಿಗೂ ರಿಂಗ್ 3.05 ಮೀಟರಿನಲ್ಲಿ ಇರುವುದು ಅದೇ ಕಾರಣಕ್ಕೆ.

ಬದಿಯಡ್ಕ ಮೈಕ್

ರೆಕಾರ್ಡಿಂಗ್ ಬಗ್ಗೆ. ಫೆಬ್ರವರಿ ಒಳ್ಳೆಯದು, ತಗಡಿನ ಮೇಲೆ ಮಳೆ ಇಲ್ಲ, ಕಪ್ಪೆ ಇಲ್ಲ. ಆದರೆ ನೇಮ, ಕೋಲ, ಜಾತ್ರೆಯ ಮೈಕ್ ಉಂಟು. ದಿನ ಗೊತ್ತು ಮಾಡುವ ಮೊದಲು ಸುತ್ತಿನ ದೈವಸ್ಥಾನ, ದೇವಸ್ಥಾನಗಳ ತಾರೀಕು ಕೇಳಿಕೊಳ್ಳಿ.

ಫೋನ್ ಬಾಯಿಯಿಂದ ಒಂದು ಗೇಣು ದೂರ, ನೇರ ಎದುರಲ್ಲ, ಗಲ್ಲದ ಬದಿಗೆ ಓರೆಯಾಗಿ. ನೇರ ಇಟ್ಟರೆ ಪ, ಬ ಅಕ್ಷರಗಳು ಗಾಳಿ ಬಡಿದ ಹಾಗೆ ಕೇಳುತ್ತವೆ. ಫ್ಲೈಟ್ ಮೋಡ್ ಕಡ್ಡಾಯ. ಫ್ಯಾನ್ ಬಂದ್. ವೇವ್ ಫೈಲ್, ಮೋನೊ ಸಾಕು, ಗಂಟೆಗೆ ಸುಮಾರು 320 ಎಂಬಿ. ಎರಡು ಫೋನಿನಲ್ಲಿ ಒಟ್ಟಿಗೆ ಮಾಡಿ, ಒಂದು ಕೈಕೊಟ್ಟರೆ ಇನ್ನೊಂದು.

ಮಟ್ಟ ಹೊಂದಿಸುವಾಗ ಅವರನ್ನು ಸುಮ್ಮನೆ ‘ಒಂದು ಎರಡು ಮೂರು’ ಎಣಿಸಲು ಹೇಳಬೇಡಿ. ಅವರು ಹಾರ್ನ್ ಕೂಗಿ ತೋರಿಸುವ ಜಾಗ ಉಂಟಲ್ಲ, ಅದನ್ನೇ ಕೂಗಿಸಿ ನೋಡಿ. ಎಣಿಕೆಗೆ ಹೊಂದಿಸಿದರೆ ಹಾರ್ನಿನಲ್ಲಿ ಧ್ವನಿ ಒಡೆಯುತ್ತದೆ, ಮತ್ತೆ ಸರಿ ಮಾಡಲು ಬರುವುದಿಲ್ಲ.

ಮುಖ್ಯವಾಗಿ, ಖಾಲಿ ಕೋಣೆಯಲ್ಲಿ ಒಬ್ಬರೇ ಕೂತು ಫೋನಿಗೆ ಹೇಳಲು ಬಿಡಬೇಡಿ. ಅವರ ನಿಲುಗಡೆಗಳೆಲ್ಲ ಎದುರಿನ ಮುಖ ನೋಡಿ ಬರುವುದು. ನಾಲ್ಕೈದು ಜನ ಬೇಕು, ಅದರಲ್ಲಿ ಒಬ್ಬರಾದರೂ ಕಥೆ ಮೊದಲ ಸಲ ಕೇಳುವವರು, ಒಬ್ಬರು ಆಟ ಗೊತ್ತಿಲ್ಲದವರು.

ಬೇಳದ ಬೋರ್ಡು

ಚಾಪೆ ಧ್ವನಿಯಲ್ಲಿ ಕಾಣುವುದಿಲ್ಲವಲ್ಲ. ಮೂರನೇ ಫೋನನ್ನು ಮಾಡಿನ ಅಡ್ಡಕ್ಕೆ ಕಟ್ಟಿ ಮೇಲಿನಿಂದ ವಿಡಿಯೋ ತೆಗೆಯೋಣ. ದೀಪ ಅವರ ಬೆನ್ನ ಹಿಂದೆ ಇದ್ದರೆ ಕೈಯ ನೆರಳು ಚಾಪೆಗೆ ಬೀಳುತ್ತದೆ, ಎದುರಿನಿಂದ ಬರಲಿ.

ಮುಳ್ಳೇರಿಯ ಕಟ್ಟೆ

ಎಲ್ಲರಿಗೂ ವಂದನೆ. ಕೇಳಿದ್ದಕ್ಕಿಂತ ಹೆಚ್ಚು ಸಿಕ್ಕಿತು. ಮೊದಲ ದಿನ ಮ್ಯೂನಿಕ್ ಮತ್ತು 24 ಸೆಕೆಂಡು, ಎರಡೇ ಇಡೋಣ. ಮಂಜೇಶ್ವರದವರು ಮಾಷ್ಟ್ರಿಗೆ ಹಳೆ ಸ್ಕೋರ್‌ಶೀಟ್ ಕೆಲವು ತಂದುಕೊಡಿ, ಕಥೆ ಹೇಳಿ ಎನ್ನುವುದಕ್ಕಿಂತ ಕೈಗೆ ಹಾಳೆ ಕೊಟ್ಟರೆ ಅವರು ತಾವಾಗಿ ಶುರು ಮಾಡುತ್ತಾರೆ. ಪೆರ್ಲದ ಅಕ್ಕ, ಆಟ ಗೊತ್ತಿಲ್ಲದ ಇಬ್ಬರನ್ನು ಕರೆತರುತ್ತೀರಾ?

ಪೆರ್ಲದ ಅಕ್ಕ

ಮೂವರು ಬರುತ್ತಾರೆ, ಒಬ್ಬರಿಗೆ ಮಲಯಾಳ ಮಾತ್ರ ಬರುವುದು. ಚಾಪೆ ನಮ್ಮ ಮನೆಯದ್ದು, 6 ಅಡಿ ಉಂಟು, ಪೂರ್ತಿ ಅಂಗಳ ಹಿಡಿಸುತ್ತದೆ. ಸೀಮೆಸುಣ್ಣ ಚಾಪೆಗೆ ಹಿಡಿಯುವುದಿಲ್ಲ, ಗೆರೆಗೆ ಬಿಳಿ ದಾರ ಹೊಲಿದು ತರುತ್ತೇನೆ.